ಪಕ್ಕೀರಪ್ಪನ ಹಿಮ್ಮಡದ ಹುರಿ

ಕೂಡ್ಲಿಗಿ ಕಡೆಯ ಒಂದು ಹಳ್ಳಿಯಾಗ ಕಂಬಳಿ ನೇಯುವ ಪಕ್ಕೀರಪ್ಪಗ ಕಾಲಂದ್ರ ಅರ್ಧ ಜೀವ. ಕುಣಿಮಗ್ಗದ ಗುಂಡಿಯೊಳಗ ಕಾಲು ಇಳಿಬಿಟ್ಟು ತುಳಿಹಲಗಿ ಒತ್ತಿದರೇನೇ ಅವನ ಮನಿ ನಡೆಯೋದು. ತೊಂಬತ್ತೆಂಟರ ಮುಂಗಾರಿನ ಗಾಳಿಗೆ ಸೂರಿನ ತಗಡು ಹಾರಿಬಂದು ಅವನ ಹಿಮ್ಮಡದ ಮ್ಯಾಲಿನ ನರ ಕೊಯ್ದುಹಾಕಿತು. ಕೊಟ್ಟೂರಿನ ಡಾಕ್ಟರು ಹೊಲಿದು, ಸಿಮೆಂಟ್ ಪಟ್ಟಿ ಹಾಕಿ ಕಳಿಸಿದರು.

ಅದನ್ನ ನರ ಅಂದದ್ದೇ ತಪ್ಪಾತು. ಹೆಂಡತಿ ಅಂಜಿನಕ್ಕನ ತಮ್ಮ ಹುಲುಗಣ್ಣ, "ನರಕ್ಕ ಇದರಂಥ ಮದ್ದಿಲ್ಲ ಮಾವ" ಅಂತ ಬಸ್‌ಸ್ಟ್ಯಾಂಡಿನಾಗ ಮಾರೋ ಕೆಂಪು ಟಾನಿಕ್ಕು ತಂದುಕೊಟ್ಟ. ಶ್ರಾವಣ ಪೂರ್ತಿ ಪಕ್ಕೀರಪ್ಪ ಅದನ್ನ ಕುಡಿದ. ಪಟ್ಟಿ ಬಿಚ್ಚಿದಾಗ ನೋವಿಲ್ಲ, ಬಾವಿಲ್ಲ. ನರಕ್ಕ ಕಸುವು ಬಂತು ಅಂತ ತಿಳಿದು ಅವತ್ತೇ ಮಗ್ಗಕ್ಕ ಇಳಿದು ಹಲಗಿ ಒದ್ದ. ಒಳಗ ಏನೋ ಪಟ್ ಅಂತು.

ಡಾಕ್ಟರು ಕಾಲು ಹಿಡಿದು ನೋಡಿ ಉಸಿರುಬಿಟ್ಟರು. "ಇದು ಟಾನಿಕ್ಕಿನ ನರ ಅಲ್ಲ ಮಾರಾಯ. ಮಾಂಸನ ಎಲುಬಿಗೆ ಕಟ್ಟಿದ ಹುರಿ. ಕೊಲಾಜಿನ್ ಅನ್ನೋ ಪ್ರೋಟೀನಿನ ಎಳಿಯಿಂದ ಆದದ್ದು. ಹರಿದ ಜಾಗಕ್ಕ ಮೈ ಮೊದಲು ತೆಳ್ಳನೆ ಎಳಿ ತುಂಬತೈತಿ, ದಿಕ್ಕುದೆಸೆ ಇಲ್ಲದ್ದು. ಗಟ್ಟಿ ಎಳಿ ಬರೋದು ಆಮೇಲೆ."

"ಹಿಂಜದ ಉಣ್ಣಿ ಇದ್ದಂಗ ಅನ್ರಿ."

"ಹಂಗೇ ತಿಳ್ಕ. ನೀನು ಆ ಉಣ್ಣಿ ಮ್ಯಾಲೆ ಭಾರ ಹಾಕಿದಿ."

"ಹಂಗಾರ ಸುಮ್ಮನ ಮಲಗಿಬಿಡತೀನಿ."

"ಬರೀ ಮಲಗಿದರೂ ಕೆಡತೈತಿ. ಪಟ್ಟಿ ಬಿಚ್ಚಿದ ಮ್ಯಾಲೆ ಹಗುರಾಗಿ ಜಗ್ಗಬೇಕು, ಜಗ್ಗಿದ ದಿಕ್ಕಿಗೆ ಎಳಿ ಸಾಲಾಗತಾವ. ಜೋರು ಮಾಡಿದರೆ ಮತ್ತೆ ಹರಿತೈತಿ. ಮೊದಲಿನಷ್ಟು ಗಟ್ಟಿ ಆಗತೈತಿ ಅಂತ ನಾನೂ ಹೇಳಾಕ ಬರಂಗಿಲ್ಲ."

ಮತ್ತೆ ಹೊಲಿಗೆ, ಮತ್ತೆ ಪಟ್ಟಿ. ವಾಪಸ್ ಬರುವಾಗ ಬಸ್ಸಿನಾಗ ಪಕ್ಕೀರಪ್ಪ ಗೊಣಗಿದ: "ಮಾಡು ಅಂತಾನ, ಮಾಡಬ್ಯಾಡ ಅಂತಾನ. ಇಂಥವನ ಮಾತು ಹೆಂಗ ಕೇಳೋದು?"

"ಬಾಟ್ಲಿ ಮಾತು ಕೇಳಿದ್ಯಲ್ಲ, ಹಂಗ," ಅಂದಳು ಅಂಜಿನಕ್ಕ.

ದೀಪಾವಳಿ ಕಳೀತು. ಚಳಿ ಬಿತ್ತು, ಕುರಿಯವರು ಕಂಬಳಿ ಕೇಳಿಕೊಂಡು ಬಾಗಿಲ ತನಕ ಬಂದು, ಅವನ ಕಾಲು ನೋಡಿ ಪಕ್ಕದ ಓಣಿಗೆ ತಿರುಗಿದರು. ಮಗ್ಗದ ಗುಂಡಿಯೊಳಗ ಕೋಳಿ ಕಾವಿಗೆ ಕುಂತಿತು. ಇನ್ನು ಈ ಜನ್ಮದಾಗ ಒಂದು ಕಂಬಳಿ ನೇದೇನೋ ಇಲ್ಲೋ ಅಂತ ಅವನು ಆ ಕೋಳಿನ್ನೇ ನೋಡಿಕೋತ ಕುಂತ.

ಪಟ್ಟಿ ಬಿಚ್ಚಿ, ಹಗುರಾಗಿ ತುಳಿಯಾಕ ಡಾಕ್ಟರು ಹೂಂ ಅಂದ ಮ್ಯಾಲೆ ಅಂಜಿನಕ್ಕ ಕೋಳಿ ಎತ್ತಿ ಬ್ಯಾರೆ ಕಡೆ ಇಟ್ಟಳು. ಗಂಡ ಆಸೆ ತಡೀಲಾರ ಅಂತ ಗೊತ್ತಿದ್ದಾಕಿ ಮಗ್ಗಕ್ಕ ಉದ್ದಕ್ಕೂ ಬಿಗಿದಿದ್ದ ಎಳಿಯ ಹಾಸೇ ಬಿಚ್ಚಿಬಿಟ್ಟಳು; ಹಲಗಿಯ ಹಗ್ಗಾನೂ ಸಡಿಲು ಮಾಡಿದಳು. "ಈಗ ತುಳಿ, ಎಷ್ಟು ಬೇಕಷ್ಟು."

ಮುಂಜಾನಿ, ಸಂಜಿ ಪಕ್ಕೀರಪ್ಪ ಬರೀ ಮಗ್ಗ ತುಳಿದ. ಹಲಗಿ ಏಳತಿತ್ತು, ಇಳೀತಿತ್ತು. ಎದುರಿಗೆ ಒಂದೆಳಿ ಬಟ್ಟಿ ಇಲ್ಲ. ಒಂದಿನ ಹುಲುಗಣ್ಣ ಹೊಸ್ತಿಲ ಮ್ಯಾಲೆ ನಿಂತು ಕೇಳಿದ: "ಎಷ್ಟು ಮೊಳ ಆತು ಮಾವ?"

ಪಕ್ಕೀರಪ್ಪಗ ಮೈಯೆಲ್ಲ ಉರೀತು. ಸಿಟ್ಟು ಕಾಲಿಗಿಳಿದು ಹಲಗಿ ಜೋರಾದೀತು ಅಂತ ಹೆದರಿ, ಹುಲುಗಣ್ಣನ ಅಪ್ಪನ್ನ ಹಿಡಿದು ಬೈಯೋದನ್ನೂ ಮೆತ್ತಗೇ ಬೈದ.