ಮಂಜಿನೊಳಗಿನ ಒಗ್ಗರಣೆ

ದೆವ್ವ ಭೂತದ ಮಾತು ಬಂದರೆ ಎದ್ದು ಕಾಫಿ ಮಾಡಲು ಹೋಗುವವಳು ನಾನು. ಈಗಲೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಒಂದು ಸಂಗತಿ ಮಾತ್ರ ಇನ್ನೂ ತಲೆಗೆ ಹತ್ತಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ಆಸ್ಟ್ರೇಲಿಯಾದ ಪರ್ತ್ ನಗರದ ಹ್ಯಾರಿಸ್‌ಡೇಲ್ ಬಡಾವಣೆಗೆ ಆಗಷ್ಟೇ ಮನೆ ಬದಲಿಸಿದ್ದೆವು. ಇಲ್ಲಿ ಜುಲೈ ಎಂದರೆ ಚಳಿಗಾಲ; ಸ್ಟರ್ಲಿಂಗ್ ರೇಂಜ್ ರಾಷ್ಟ್ರೀಯ ಉದ್ಯಾನದ ಬೆಟ್ಟದ ಮೇಲೆ ಹಿಮ ಬೀಳಬಹುದೆಂಬ ಸುದ್ದಿ ಕೇಳಿ ನಮಗೂ ಹುಚ್ಚು ಹಿಡಿಯಿತು. ಜನಜಂಗುಳಿ ಬೇಡವೆಂದು ವಾರದ ಮಧ್ಯೆ ರಜೆ ಹಾಕಿ ನಾನು, ಗಂಡ, ಏಳು ವರ್ಷದ ಮಗಳು ದಿಯಾ ಅಲ್ಲಿಗೆ ಹೊರಟೆವು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಗಂಡನಿಗೆ ಮಂಡಿ ಹಿಡಿದುಕೊಂಡಿತು. "ನೀವಿಬ್ರೂ ಹೋಗ್ಬನ್ನಿ, ನಾನು ಕಾರಲ್ಲಿ ಬೆಚ್ಚಗೆ ಕೂತಿರ್ತೀನಿ" ಎಂದು ಇಳಿದುಹೋದರು.

ತುದಿ ಮುಟ್ಟಿದರೆ ಹಿಮವೂ ಇಲ್ಲ, ಗಿಮವೂ ಇಲ್ಲ. ಬರೀ ಮಂಜು. ವಾಪಸು ಹೊರಟವರು ದಾರಿ ತಪ್ಪಿದೆವು. ಕಾಲಿಗೆ ಪೊದೆ ಸಿಗತೊಡಗಿತು. ಒಂದು ಕಡೆ ಪ್ರಪಾತವಿದೆ ಎಂದು ಗೊತ್ತಿತ್ತು, ಯಾವ ಕಡೆ ಎಂದು ಗೊತ್ತಿರಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ಆಗ ವಾಸನೆ ಬಂತು. ಸಾಸಿವೆ, ಕರಿಬೇವು, ಇಂಗು. ಆಗಷ್ಟೇ ಹಾಕಿದ ಒಗ್ಗರಣೆ. ನನಗೆ ಅನುಮಾನವೇ ಬರಲಿಲ್ಲ. ನಮ್ಮ ಕನ್ನಡದ ಜನ ಎಲ್ಲಿಗೆ ಹೋದರೂ ಗ್ಯಾಸ್ ಸ್ಟೋವ್ ಹೊತ್ತುಕೊಂಡು ಹೋಗುವವರೇ, ಬ್ರೆಡ್ ತಿಂದು ದಿನ ದೂಡುವ ಪೈಕಿಯಲ್ಲ. ಯಾರೋ ಕೆಳಗೆ ಕಾರ್ ಪಾರ್ಕಿನಲ್ಲಿ ಸಾರು ಮಾಡುತ್ತಿದ್ದಾರೆ, ದಾರಿ ಅತ್ತಲೇ ಎಂದುಕೊಂಡು ಮಗಳ ಕೈ ಹಿಡಿದು ನಡೆದೆ. ಹೋದ ಜೀವ ಬಂದಂತಾಗಿತ್ತು. ಸ್ವಲ್ಪ ಮುಂದೆ ಹೆಂಗಸಿನ ದನಿಯೂ ಕೇಳಿತು.

"ಪುಟ್ಟೀ, ಬಾರೇ, ಅನ್ನ ಆರೋಗ್ತಿದೆ!"

ನಾನು ಬಾಯಿ ತೆರೆಯುವ ಮೊದಲೇ ದಿಯಾ ಕೂಗಿದಳು. "ಬಂದೇ ಅಮ್ಮಾ!"

ನಾನು ನಿಂತುಬಿಟ್ಟೆ. ದಿಯಾ ನನ್ನನ್ನು ಕರೆಯುವುದು ಮಮ್ ಎಂದು. ಕನ್ನಡ ಅರ್ಥವಾಗುತ್ತದೆ, ಆದರೆ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಈಗ ನನ್ನ ಮುಖವನ್ನೂ ನೋಡದೆ, ಕೈ ಕೊಸರಿಕೊಂಡು ಮುಂದಕ್ಕೆ ಎಳೆಯುತ್ತಿದ್ದಳು. ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡು ಅಲ್ಲೇ ಕೂತುಬಿಟ್ಟೆ. ಎಷ್ಟು ಹೊತ್ತೋ. ಗಾಳಿ ಬೀಸಿ ಮಂಜು ಸರಿದಾಗ ನೋಡಿದರೆ, ನಾಲ್ಕು ಹೆಜ್ಜೆ ಆಚೆ ನೆಲವೇ ಇರಲಿಲ್ಲ. ದಾರಿ ನಮ್ಮ ಬೆನ್ನ ಹಿಂದಿತ್ತು.

"ಮಮ್, ಯು ಆರ್ ಹರ್ಟಿಂಗ್ ಮಿ" ಎಂದಳು ದಿಯಾ.

ಕೆಳಗೆ ಬಂದು, ಇಲ್ಲಿ ಯಾರು ಅಡುಗೆ ಮಾಡುತ್ತಿದ್ದರು ಎಂದು ಗಂಡನನ್ನು ಕೇಳಿದೆ. "ಈ ಚಳೀಲಿ ಯಾರೇ ಬರ್ತಾರೆ? ಬೆಳಗ್ಗಿಂದ ನಮ್ದೊಂದೇ ಕಾರು" ಎಂದರು.

ಹಸಿವಿಗೆ, ಭಯಕ್ಕೆ ನನ್ನ ಮೂಗು ಕಿವಿ ಮೋಸಹೋಗಿರಬಹುದು, ಒಪ್ಪುತ್ತೇನೆ. ಆದರೆ ದಿಯಾ ಉತ್ತರ ಕೊಟ್ಟಿದ್ದು ಯಾರಿಗೆ? ಅವಳಿಗೆ ಏನೂ ನೆನಪಿಲ್ಲ. ಗೆಳತಿಯರು ಸೇರಿದಾಗಲೆಲ್ಲ, ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲವೆಂದು ನೊಂದುಕೊಳ್ಳುತ್ತಾರೆ. ನಾನು ಎದ್ದು ಕಾಫಿ ಮಾಡಲು ಹೋಗುತ್ತೇನೆ. ಊಟಕ್ಕೆ ಕರೆದಾಗ ಕೋಣೆಯೊಳಗಿಂದ "ಕಮಿಂಗ್, ಮಮ್" ಎಂದು ಕೇಳಿದ ಮೇಲೆಯೇ ನಾನು ತಟ್ಟೆಗೆ ಅನ್ನ ಬಡಿಸುವುದು.