ತಟ್ಟೆಗೆ ಬಿದ್ದ ಕರಡಿಗೆ

ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಕಲಬುರಗಿಯ ಸೇಡಂ ರಸ್ತೆಯಲ್ಲಿದ್ದ ಒಂದು ಪ್ರಯೋಗಾಲಯಕ್ಕೆ ಜನರನ್ನು ಕರೆತರುವ ಕೆಲಸ ಹಿಡಿದಿದ್ದೆ. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಮುಟ್ಟದೆ ತಪಾಸಣೆ ಮಾಡುವ ಯಂತ್ರವನ್ನು ಅಲ್ಲಿ ತಯಾರಿಸುತ್ತಿದ್ದರು. ಬಗೆಬಗೆಯ ಜನ ಅದರೊಳಗೆ ನಿಂತು ಬರಬೇಕು. ಎಂಜಿನಿಯರ್ ಪಕ್ಕದ ಕೋಣೆಯಲ್ಲಿ ಕುಳಿತು ಪರದೆ ನೋಡುತ್ತಿದ್ದ. ಕಮಲಾಪುರದಿಂದ ಒಂದು ಟಂಟಂ ಆಟೋ ತುಂಬ ಜನರನ್ನು ತಂದೆ. ನನ್ನ ಅಕ್ಕನೂ ಬಂದಿದ್ದಳು.

ಮೊದಲನೆಯವನು ನಿಂತ ಕೂಡಲೇ ಯಂತ್ರ ಕೂಗಿತು. ಅವನ ಸೊಂಟದ ಬೆಳ್ಳಿ ಉಡದಾರ ಕಂಡು. ಕೂಗಿದರೆ ನನ್ನ ಕೆಲಸ ಹೋಗುತ್ತದೆಂದು ನಾನೇ ತೀರ್ಮಾನಿಸಿದೆ, ಯಾರನ್ನೂ ಕೇಳಲಿಲ್ಲ. ಸ್ಟೀಲ್ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ತಾಯಿತ, ಬಳೆ, ಉಡದಾರ ಎಲ್ಲ ಬಿಚ್ಚಿಸಿದೆ. ಅಕ್ಕ ಮಾತ್ರ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

“ಲಿಂಗ ಮೈ ಬಿಟ್ಟು ಇಡೂದಿಲ್ಲೋ. ನಿನಗ ಗೊತ್ತಿಲ್ಲೇನು?”

“ಎರಡು ಮಿನಿಟಿಗೆ ನಿನ್ನ ಶಿವ ಓಡಿ ಹೋಗ್ತಾನೇನು? ಮಂದಿ ಕಾಯಾಕತ್ತಾರ, ತೆಗಿ.”

ಸಾಲಿನಲ್ಲಿದ್ದ ಒಬ್ಬ, “ಏ ಮುದುಕಿ, ವಿಮಾನ ಏನು ನಿನ್ನ ಸಲುವಾಗಿ ನಿಂತದೇನ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಲಿಂಗವನ್ನು ನಾನು ಎಂದೋ ಬಿಚ್ಚಿ ದೇವರ ಕೋಣೆಯಲ್ಲಿಟ್ಟಿದ್ದೆ. ಅವಳು ಹಾಗೆ ಹಿಡಿದುಕೊಂಡದ್ದೇ ನನಗೆ ಸಿಟ್ಟು. ಕೈಹಾಕಿ ಕರಡಿಗೆಯ ಶಿವದಾರವನ್ನು ಅವಳ ತಲೆಯ ಮೇಲಿಂದ ಎಳೆದು ತಟ್ಟೆಗೆ ಹಾಕಿದೆ. ಅವಳು ಒಳಗೆ ಹೋಗಿ ಎರಡೂ ಕೈ ಎತ್ತಿ ನಿಂತಳು. ಯಂತ್ರ ಕೂಗಲಿಲ್ಲ.

ಸ್ವಲ್ಪ ಹೊತ್ತಿಗೆ ಎಂಜಿನಿಯರ್ ಹೊರಬಂದು ತಟ್ಟೆ ನೋಡಿದ.

“ಅಜ್ಜಾರ, ತಲಿ ಅದ ಇಲ್ಲೋ? ಮಂದಿ ದಿನಾ ಮೈಮ್ಯಾಲ ಹಾಕೋದನ್ನ ಬಾಂಬ್ ಅಂತ ತಿಳೀಬಾರದು ಅಂತ ಇದಕ್ಕ ಕಲಿಸಾಕತ್ತೀವಿ. ಎಲ್ಲಾ ಬಿಚ್ಚಿಸಿ ಕಳಿಸಿದ್ರ ಇದು ಏನು ಕಲೀತದ್ರೀ?”

ಬೆಳಗಿನ ಕೆಲಸವೆಲ್ಲ ಹಾಳಾಗಿತ್ತು. ನನ್ನನ್ನು ಬೈಯುತ್ತಲೇ ಎಲ್ಲರೂ ತಮ್ಮ ತಮ್ಮದನ್ನು ಧರಿಸಿ ಮತ್ತೆ ಸಾಲಿಗೆ ನಿಂತರು. ಅಕ್ಕ ಕರಡಿಗೆಯನ್ನು ಸೆರಗಿನಲ್ಲಿ ಒರೆಸಿಕೊಂಡು, ನನ್ನ ಕಡೆ ನೋಡದೆ ಬಸ್ ಹಿಡಿಯಲು ಹೋದಳು.

ಕೆಲವು ದಿನಗಳ ನಂತರ ಕಮಲಾಪುರಕ್ಕೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಲಿಂಗ ಧರಿಸಿದ ವಯಸ್ಸಾದ ಹೆಂಗಸರು ಇನ್ನೂ ಬೇಕೆಂದು ಎಂಜಿನಿಯರ್ ಹೇಳಿದ್ದ, ಅದಕ್ಕೆ ಹೋದೆ.

ಅಕ್ಕ ಹೊಸ್ತಿಲ ಹೊರಗೇ ನಿಲ್ಲಿಸಿದಳು.

“ಈ ಸಲ ಬಿಚ್ಚೂದು ಬ್ಯಾಡಕ್ಕಾ,” ಎಂದೆ. “ಯಂತ್ರಕ್ಕ ಗೊತ್ತಾಗಬೇಕಾಗ್ಯದ.”

“ಅದಕ್ಕ ಗೊತ್ತಿಲ್ಲ, ಕಲೀತದ. ನಿನಗ ಗೊತ್ತಿತ್ತಲ್ಲೋ.”

ಬಾಗಿಲು ಹಾಕಿದಳು. ಬೇರೊಬ್ಬ ಮುದುಕಿ ಸಿಗುತ್ತಾಳೇನೋ ಎಂದು ಮುಂದಿನ ಓಣಿಗೆ ಹೋದೆ.