ತಂಬಿಗೆಗೊಂದು ಟೊಪ್ಪಿಗೆ

ನಾನು ಎಡಚಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರುವ ಗೊಂದಲಕ್ಕೆಲ್ಲ ನನ್ನ ಬುದ್ಧಿಯೇ ಕಾರಣವೆಂದು ನೀವು ತಿಳಿಯುತ್ತೀರಿ. ಬುದ್ಧಿಯ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅರ್ಧ ತಪ್ಪು ಕೈಯದು.

ಲಕ್ಷ್ಮೇಶ್ವರದಲ್ಲಿ ನನ್ನ ತಾಯಿಯ ತಂಗಿ ಇದ್ದಾಳೆ, ನಮ್ಮ ಚಿಗವ್ವ. ನಮ್ಮ ಬಳಗದ ಕೂಸುಗಳೆಲ್ಲ ಅವಳು ಹೆಣೆದ ಉಲ್ಲನ್ ಟೊಪ್ಪಿಗೆ ಹಾಕಿಕೊಂಡೇ ತೊಟ್ಟಿಲೇರಿದವು. ಈ ಬಿಸಿಲೂರಿನಲ್ಲಿ ಉಲ್ಲನ್ ಏಕೆ ಎನ್ನುವವರು ನಮ್ಮ ಗಾಳಿಯನ್ನು ಕಂಡಿಲ್ಲ. ಕಪ್ಪತಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಯಾರೂ ಚಂದಕ್ಕೆಂದು ನಿಲ್ಲಿಸಿಲ್ಲ. ಕೂಸಿನ ಕಿವಿಯಲ್ಲಿ ಆ ಗಾಳಿ ಹೊಗಬಾರದೆಂಬುದು ಇಲ್ಲಿಯ ಹೆಂಗಸರ ಖಚಿತ ಅಭಿಪ್ರಾಯ. ಈಗ ಚಿಗವ್ವನ ಕೈ ನಡುಗುತ್ತದೆ. ನನ್ನ ಮಗಳು ವಿಜಯಾ ಹೆರಿಗೆಗೆಂದು ಮುಂಡರಗಿಯಿಂದ ಬೆಟಗೇರಿಗೆ, ನಮ್ಮ ಮನೆಗೆ ಬಂದಾಗ ಚಿಗವ್ವ ಫೋನ್ ಮಾಡಿದಳು.

"ಈ ಸಲ ನೀನ ಹೆಣೀಬೇಕು ನೋಡು. ಸೂಟಿ ಇದ್ದಾಗ ಬಾ, ಕಲಿಸ್ತೀನಿ."

'ಈ ಸಲ' ಎಂಬ ಮಾತನ್ನು ಇಬ್ಬರೂ ಬೇಗ ದಾಟಿಬಿಟ್ಟೆವು. ಹೋದ ಸಲದ ಬಸುರು ಐದನೆಯ ತಿಂಗಳಲ್ಲೇ ಹೋಗಿತ್ತು. ಈಗ ವಿಜಯಾ ನಗುವಾಗಲೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಗುತ್ತಾಳೆ. ನನಗಂತೂ ಹೆದರಿಕೆ, ಹೇಳಿಕೊಳ್ಳಲಾಗದಷ್ಟು ಹೆದರಿಕೆ. ಹೆದರಿಕೊಂಡು ಸುಮ್ಮನೆ ಕೂಡುವುದಕ್ಕಿಂತ ಹೆಣೆಯುತ್ತ ಕೂಡುವುದು ಲೇಸೆಂದು ಒಪ್ಪಿಕೊಂಡೆ.

ಇಲ್ಲೊಂದು ತೊಡಕಿತ್ತು. ಹುಟ್ಟದ ಕೂಸಿಗೆ ನಮ್ಮಲ್ಲಿ ಏನನ್ನೂ ಸಿದ್ಧ ಮಾಡುವಂತಿಲ್ಲ. ಅಂಗಿ ಹೊಲಿಸುವುದಿಲ್ಲ, ಅಟ್ಟದ ಮೇಲಿನ ತೊಟ್ಟಿಲು ಇಳಿಸುವುದಿಲ್ಲ. ಹಾಗೆಂದು ಹುಟ್ಟಿದ ಮೇಲೆ ಕಲಿಯಲು ಕುಳಿತರೆ, ನನ್ನ ಕೈಯ ವೇಗಕ್ಕೆ, ಕೂಸು ಶಾಲೆಗೆ ಸೇರುವ ಹೊತ್ತಿಗೆ ಟೊಪ್ಪಿಗೆ ಆದೀತು. ಸೂಟಿಯ ದಿನ ಲಕ್ಷ್ಮೇಶ್ವರಕ್ಕೆ ಹೋದಾಗ ಚಿಗವ್ವ ಅಡುಗೆಮನೆಯಿಂದ ಒಂದು ಹಿತ್ತಾಳೆಯ ತಂಬಿಗೆ ತಂದು ನನ್ನ ಮುಂದಿಟ್ಟಳು. ಅದರ ದುಂಡು ಹೊಟ್ಟೆ ಹಸುಗೂಸಿನ ತಲೆಯಷ್ಟೇ ಇರುತ್ತದಂತೆ, ಅವಳು ಅಳತೆ ನೋಡುವುದು ಯಾವಾಗಲೂ ಅದಕ್ಕೇ.

"ನಾವು ತಂಬಿಗಿಗೆ ಟೊಪ್ಪಿಗಿ ಹೆಣಿಯಾಕತ್ತೀವಿ. ಯಾರ ಕೇಳಿದ್ರೂ ಹಿಂಗ ಹೇಳು" ಎಂದಳು.

ಯಾರು ಕೇಳಿದರೂ ಎಂದರೆ ದೇವರೂ ಸೇರಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ.

ಜಮಖಾನದ ಮೇಲೆ ಅವಳ ಪಕ್ಕ ಕುಳಿತೆ. "ನಾ ಮಾಡಿದಂಗ ಮಾಡು, ಅಷ್ಟ" ಎಂದಳು. ಅವಳು ಬಲಗಡೆಯ ಕಡ್ಡಿಯನ್ನು ಕುಣಿಕೆಯೊಳಗೆ ತೂರಿಸಿ, ನೂಲು ಸುತ್ತಿ, ಎಳೆದು ಬಿಟ್ಟಳು. ನಾನು ಎಡಗಡೆಯ ಕಡ್ಡಿ ತೂರಿಸಿದೆ, ಸುತ್ತಿದೆ, ಎಳೆದೆ. ಕುಣಿಕೆಗಳೆಲ್ಲ ಬಿಚ್ಚಿಕೊಂಡವು. ಹೆಣಿಕೆಯಲ್ಲಿ ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು ಬರುತ್ತವೆ. ಅವಳ ಸೀದಾ ನನಗೆ ಉಲ್ಟಾ ಕಾಣುತ್ತಿತ್ತು, ಉಲ್ಟಾ ಬಂದಾಗ ಸೀದಾ ಕಾಣುತ್ತದೆಂದು ಕಾದರೆ ಅದೂ ಉಲ್ಟಾನೇ ಕಾಣುತ್ತಿತ್ತು. ಎಂಟನೆಯ ತರಗತಿಗೆ ಕನ್ನಡಿಯ ಪ್ರತಿಬಿಂಬದ ಪಾಠ ಹೇಳುವ ವಿಜ್ಞಾನದ ಮಾಸ್ತರಣಿ ನಾನು. ಎಡ ಬಲವಾಗುವುದು, ಬಲ ಎಡವಾಗುವುದು ಬಹಳ ಸುಲಭವೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳನ್ನು ನಂಬಿಸಿದ್ದೇನೆ.

ಆ ಪಾಠ ನೆನಪಾಗಿಯೇ ಎದುರಿಗೆ ಹೋಗಿ ಕುಳಿತೆ. ಈಗ ಚಿಗವ್ವನೇ ನನ್ನ ಕನ್ನಡಿ. ಎರಡು ಸಾಲು ಬೆಣ್ಣೆಯಂತೆ ಸಾಗಿದವು. ಮೂರನೆಯ ಸಾಲಿಗೆ ಎಲ್ಲ ಕಲಸುಮೇಲೋಗರ. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ನನ್ನ ಕೈಗೂ ಅವಳ ಕೈಗೂ ತಾಳೆಯಾಗದು.

"ಯಾಕಲೇ ಶಾಂತಿ, ಮತ್ತ ತಪ್ಪಿತೇನು? ನಿನಗ ಅನುಕೂಲ ಆಗ್ಲಿ ಅಂತ ನಾನೂ ಎಡಗೈಲೆ ತಿರುವಿ ತೋರ್ಸಾಕತ್ತೀನಿ" ಎಂದಳು ಚಿಗವ್ವ.

ನನಗಾಗಿ ಅವಳು ಎಡವಾಗಿದ್ದಳು, ಅವಳಿಗಾಗಿ ನಾನು ತಿರುವಿಕೊಂಡಿದ್ದೆ. ಇಂಥ ಪ್ರೀತಿಗೆ ಏನು ಮಾಡಬೇಕು? ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ಆಮೇಲೆ ಎಲ್ಲವನ್ನೂ ಬಿಚ್ಚಿದೆವು.

ಬೆಟಗೇರಿಯ ನಮ್ಮ ಓಣಿಯಲ್ಲಿ ಇನ್ನೂ ಕೈಮಗ್ಗದ ಸಪ್ಪಳ ಕೇಳುತ್ತದೆ. ಲಾಳಿ ಎಡದಿಂದ ಬಲಕ್ಕೆ ಹೋಗುತ್ತದೆ, ಬಲದಿಂದ ಎಡಕ್ಕೆ ಬರುತ್ತದೆ, ಎರಡು ಸಲವೂ ಬಟ್ಟೆ ಬೆಳೆಯುತ್ತದೆ. ಮಗ್ಗಕ್ಕಿರುವ ಈ ಸಮದೃಷ್ಟಿ ಎರಡು ಕಡ್ಡಿಗಳಿಗೆ ಏಕಿಲ್ಲವೆಂದು ಎಷ್ಟೋ ಮಧ್ಯಾಹ್ನ ಯೋಚಿಸಿದೆ. ಉತ್ತರ ಹೊಳೆಯಲಿಲ್ಲ. ಆದರೆ ಯೋಚಿಸುತ್ತ ಕುಳಿತಾಗ ಕೈ ತಾನೇ ಒಂದಿಷ್ಟು ಸಾಲು ಹೆಣೆದಿರುತ್ತಿತ್ತು. ಹೇಗೆ ಹೆಣೆಯಿತೆಂದು ನೋಡಹೋದರೆ ನಿಂತುಬಿಡುತ್ತಿತ್ತು.

ಹೀಗೇ ಒಂದು ದಿನ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಹೆಣೆಯುತ್ತಿದ್ದೆ. ಮುಳಗುಂದದಲ್ಲಿ ಹತ್ತಿ ಪಕ್ಕಕ್ಕೆ ಕುಳಿತ ಯಳವತ್ತಿಯ ಹೆಂಗಸೊಬ್ಬಳು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು.

"ಕೂಸಿಗೇನ್ರಿ?"

"ಇಲ್ರಿ, ತಂಬಿಗಿಗೆ."

ಹುಚ್ಚಿಯೆಂದು ಸರಿದು ಕೂಡುತ್ತಾಳೆಂದುಕೊಂಡೆ. ಅವಳು ಕಿಟಕಿಯ ಕಡೆ ನೋಡುತ್ತ, "ತಂಬಿಗಿ ಸುಖರೂಪ ಬರ್ಲಿ ಬಿಡ್ರಿ" ಎಂದಳು. ಇಳಿಯುವತನಕ ನಾನು ತಲೆಯೆತ್ತದೆ ಹೆಣೆದೆ.

ಟೊಪ್ಪಿಗೆ ಅಂತೂ ಮುಗಿಯಿತು. ಚಿಗವ್ವನ ಟೊಪ್ಪಿಗೆಯ ಗೆರೆಗಳು ಬಲಕ್ಕೆ ವಾಲಿದರೆ ನನ್ನವು ಎಡಕ್ಕೆ ವಾಲಿದ್ದವು. ಒಳಮೈ ಯಾವುದು, ಹೊರಮೈ ಯಾವುದು ಹೆಣೆದ ನನಗೇ ಗೊತ್ತಾಗಲಿಲ್ಲ. ಚಿಗವ್ವ ಅದನ್ನು ತಂಬಿಗೆಗೆ ತೊಡಿಸಿ ಕುತ್ತಿಗೆಗೆ ದಾರ ಬಿಗಿದಳು. ಒಳಗೆ ಹಾಕಿದ ಬಿಸಿನೀರು ಜಲ್ದಿ ಆರುವುದಿಲ್ಲವೆಂದು ಬಂದವರಿಗೆಲ್ಲ ತೋರಿಸಿದಳು. ಅದನ್ನು ಕೂಸಿಗೆ ಕೊಡುವ ಮಾತೇ ಇಲ್ಲ. ಕೂಸು ಹುಟ್ಟಿದ ಮೇಲೆ ಬೇರೆ ಹೆಣೆಯಬೇಕು, ಅದೇ ನಿಯಮ.

ವಿಜಯಾಳಿಗೆ ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ನೋವು ಬಂತು. ಗದಗಿನ ದವಾಖಾನೆಯ ಬಾಗಿಲಲ್ಲಿ ನಾನು, ಸುದ್ದಿ ಕೇಳಿ ಬಂದ ಚಿಗವ್ವ, ಅವಳ ಚೀಲದಲ್ಲಿ ಬಿಸಿನೀರಿನ ತಂಬಿಗೆ. ಬಹಳ ಹೊತ್ತಾದ ಮೇಲೆ ನರ್ಸಬಾಯಿ ಹೊರಗೆ ಬಂದಳು.

"ಹೆಣ್ಣು ಕೂಸ್ರಿ, ಇಬ್ರೂ ಆರಾಮ ಅದಾರ. ಕೂಸು ಸ್ವಲ್ಪ ಸಣ್ಣದೈತಿ, ತಲಿ ಬೆಚ್ಚಗ ಇಡಬೇಕು. ಟೊಪ್ಪಿಗಿ ತಂದೀರೇನು?"

ನಾವು ತಂದದ್ದು ನನ್ನ ಹಳೆಯ ಸೀರೆಯ ತುಂಡುಗಳನ್ನು ಮಾತ್ರ. ಚಿಗವ್ವ ಚೀಲಕ್ಕೆ ಕೈ ಹಾಕಿದಳು, ನಡುಗುವ ಬೆರಳಿನಿಂದ ತಂಬಿಗೆಯ ದಾರ ಬಿಚ್ಚಿದಳು.

"ಚಿಗವ್ವಾ, ಅದು..." ಎಂದೆ.

"ಹುಟ್ಟಿದ ಕೂಸಿಗೆ ಮೊದಲ ಹಾಕೋದು ಹಳೀ ಅರಿವೀನ ಅಲ್ಲೇನು? ಇದನ್ನ ತಂಬಿಗಿ ಹಾಕ್ಕೊಂಡು ಹಳೇದು ಮಾಡೇತಿ. ನಿನ್ನೆ ಒಗದೀನಿ, ತಗೋ."

ಟೊಪ್ಪಿಗೆ ಇನ್ನೂ ಬೆಚ್ಚಗಿತ್ತು. ಒಳಗೆ ಹೋಗಿ ನಾನೇ ತೊಡಿಸಿದೆ. ಸೀದಾ ತೊಡಿಸಿದೆನೋ ಉಲ್ಟಾ ತೊಡಿಸಿದೆನೋ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಇಂಥದೇ ಇನ್ನೊಂದು ಹೆಣೆ ಎಂದರೆ ನನ್ನಿಂದಾಗದು. ವಿಜಯಾ ಮಲಗಿದಲ್ಲಿಂದಲೇ, "ಅವ್ವಾ, ವಾರಿ ಆಗೇತಿ" ಎಂದು ನಕ್ಕಳು. ವಾರೆಯಾಗಿದ್ದದ್ದು ಖರೆ. ಆದರೆ ಈ ಸಲ ಅದರೊಳಗೆ ಒಂದು ತಲೆ ಇತ್ತು.